ಅಂಬಾರಿ ಇಳಿಸಿದ ಮೇಲೆ

2025ರ ಜಂಬೂಸವಾರಿ ಅಕ್ಟೋಬರ್ 2ರಂದು ಮುಗಿಯಿತು. ಅಲ್ಲಿಂದ ಹನ್ನೆರಡನೇ ದಿನಕ್ಕೆ, ಅಂದರೆ 14ರಂದು, ವಿಂಡೋಸ್ 10ರ ಋಣ ತೀರಿತು. ಹನ್ನೆರಡನೇ ದಿನ ಎಂದಕೂಡಲೇ ನನ್ನ ವಯಸ್ಸಿನವರ ನಾಲಿಗೆಗೆ ವಡೆಯ ನೆನಪು ಬರುತ್ತದೆ. ಈ ಸಾವಿಗೆ ಎಲೆ ಹಾಕಿದವರು ಯಾರೂ ಇಲ್ಲ. ಸತ್ತದ್ದಾದರೂ ಎಲ್ಲಿ? 15ರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಗುಂಡಿ ಒತ್ತಿದರೆ, ಒಂಟಿಕೊಪ್ಪಲಿನ ನಮ್ಮ ಮನೆಯ ಕಂಪ್ಯೂಟರ್ ಎಂದಿನ ಹಾಗೆ ಗೊರ್ರೆಂದಿತು, ಎಂದಿನ ಹಾಗೆ ಲೋಟ ಖಾಲಿಯಾಗುವ ಹೊತ್ತಿಗೆ ಮುಖ ತೋರಿಸಿತು. ಇನ್ನು ಮೇಲೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ, ಅಷ್ಟೆ. ಬೇಕಿದ್ದವರು ಹೆಸರು ಬರೆಸಿ 2026ರ ಅಕ್ಟೋಬರ್‌ವರೆಗೆ ತಳ್ಳಬಹುದು. ಇಲ್ಲದಿದ್ದರೆ ವಿಂಡೋಸ್ 11ಕ್ಕೆ ಏರಬೇಕು.

ಏರಲು ಹೋದೆ. ಯೋಗ್ಯತೆ ನೋಡುವುದಕ್ಕೆಂದೇ ಒಂದು ಪುಟ್ಟ ಆ್ಯಪ್ ಇದೆ. ಅದು ನಮ್ಮ ಯಂತ್ರವನ್ನು ಒಳಗೂ ಹೊರಗೂ ನೋಡಿ, ಇದು ಆಗುವುದಿಲ್ಲ ಎಂದಿತು. ನಮ್ಮದು 2013ರಲ್ಲಿ ಅಸೆಂಬಲ್ ಮಾಡಿಸಿದ್ದು. ಮೂರನೇ ತಲೆಮಾರಿನ ಕೋರ್ ಐ3, 4 ಜಿಬಿ ರ್‍ಯಾಮ್. ಬಂದಾಗ ವಿಂಡೋಸ್ 7 ಇತ್ತು. 2016ರಲ್ಲಿ ಪುಕ್ಕಟೆ ಸಿಗುತ್ತದೆಂದು 10 ಹಾಕಿಸಿದ್ದೆ. ಇದೇ ಕೊನೆಯ ವಿಂಡೋಸ್ ಅಂತೆ, ಇನ್ನು ಬದಲಾಯಿಸುವ ತಾಪತ್ರಯವಿಲ್ಲವಂತೆ ಎಂದು ಆಗೆಲ್ಲ ಸುದ್ದಿ. ಅಂಥ ಸುದ್ದಿಯನ್ನು ನಂಬುವುದು ನಮ್ಮ ವಂಶದಲ್ಲೇ ಇದೆ. 11ಕ್ಕೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅದು ಪೇಟೆಗೆ ಬಂದದ್ದೇ 2017ರಲ್ಲಿ. ಜೊತೆಗೆ ಟಿಪಿಎಂ 2.0 ಎಂಬ ಚಿಪ್ಪು ಬೇಕು. ಬೀಗದ ಕೈಗಳನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಡುವ ಕೆಲಸ ಅದರದು. ನಮ್ಮ ಮನೆಯಲ್ಲಿ ಬೀಗದ ಕೈ ಇರುವುದು ತುಳಸಿಕಟ್ಟೆಯ ಹಿಂದೆ ಎಂದು ಬೀದಿಗೆಲ್ಲ ಗೊತ್ತು. ಹೀಗಿರುವಾಗ ಆ ಚಿಪ್ಪು ನಮ್ಮ ಕಂಪ್ಯೂಟರಿನಲ್ಲಿ ಇಲ್ಲದ್ದು ಸಹಜವೇ.

ಕೆಲಸ ಮಾಡಲಾರದೆ ಕೂತದ್ದನ್ನು ಬದಿಗಿಡುವುದು ಬೇರೆ, ಕೆಲಸ ಮಾಡುತ್ತಿರುವುದನ್ನು ತಾರೀಖು ನೋಡಿ ಬದಿಗಿಡುವುದು ಬೇರೆ. ಎರಡನೆಯದರ ರುಚಿಯನ್ನು ಬ್ಯಾಂಕಿನಿಂದ ನಿವೃತ್ತನಾದ ದಿನ ಹಾರ, ಶಾಲು, ಒಂದು ಗೋಡೆ ಗಡಿಯಾರದ ಜೊತೆ ನಾನೂ ಕಂಡಿದ್ದೇನೆ. ಆ ಬ್ಯಾಂಕಿನದೂ ಒಂದು ಅಪ್‌ಗ್ರೇಡ್ ಕಥೆಯೇ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ದೊಡ್ಡ ಬ್ಯಾಂಕಿನಲ್ಲಿ ಸೇರಿಹೋಯಿತು. ಕುರ್ಚಿ ಬಿಟ್ಟು ಏಳದೆಯೇ ನಾನು ಬೇರೆ ಬ್ಯಾಂಕಿನ ನೌಕರನಾಗಿದ್ದೆ.

ತಾರೀಖು ನೋಡಿ ಬದಿಗಿಡುವ ವಿಷಯದಲ್ಲಿ ಮೈಸೂರಿನವರು ಯಾವ ಕಂಪನಿಯಿಂದಲೂ ಕಲಿಯಬೇಕಾಗಿಲ್ಲ. ನಮ್ಮ ಆನೆಗಳನ್ನೇ ನೋಡಿ. ಪ್ರತಿ ವರ್ಷ ಕಾಡಿನಿಂದ ಬಂದಕೂಡಲೇ ಅವುಗಳನ್ನು ಧನ್ವಂತರಿ ರಸ್ತೆಯ ವೇಬ್ರಿಡ್ಜಿಗೆ ಕರೆದೊಯ್ದು ತೂಗುತ್ತಾರೆ. ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ತಾಲೀಮು ಮಾಡಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ 750 ಕೆಜಿಯ ಚಿನ್ನದ ಅಂಬಾರಿ. ಆದರೆ ಅರವತ್ತು ತುಂಬಿತೋ, ಮೈಯಲ್ಲಿ ಎಷ್ಟೇ ಕಸುವಿರಲಿ, ಅಂಬಾರಿ ಇಳಿಸಲೇಬೇಕು, ನಿಯಮ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ ಹಾಗೇ ಇಳಿಸಿದ. 2020ರಿಂದ ಅಭಿಮನ್ಯು ಹೊತ್ತ. ಆದರೂ ಅರ್ಜುನನನ್ನು ಗುಜರಿಗೆ ಹಾಕಲಿಲ್ಲ ನೋಡಿ, ಆಮೇಲೂ ನಿಶಾನೆ ಆನೆಯಾಗಿ ಮೆರವಣಿಗೆಯಲ್ಲಿ ನಡೆದ. ಈ ಮಾತನ್ನು ಇಲ್ಲಿಗೇ ನಿಲ್ಲಿಸಬೇಕು. ಏಕೆಂದರೆ ಅದೇ ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿ ಸತ್ತ. ನಿವೃತ್ತಿಯ ಬಗ್ಗೆ ತಮಾಷೆ ಮಾಡುವಾಗಲೆಲ್ಲ ಅವನು ಅಡ್ಡ ಬಂದು ನಿಲ್ಲುತ್ತಾನೆ.

ಮಹಡಿ ಮನೆಯಲ್ಲಿ ಬಾಡಿಗೆಗೆ ಇಂಜಿನಿಯರಿಂಗ್ ಓದುವ ಹುಡುಗನಿದ್ದಾನೆ. ಬಾಡಿಗೆ ತಡವಾದ ತಿಂಗಳಲ್ಲಿ ತುಂಬಾ ಸಹಾಯ ಮಾಡುತ್ತಾನೆ. ಈ ಸಲವೂ ತಡವಾಗಿತ್ತು.

"ಅಂಕಲ್, ಬೈಪಾಸ್ ಮಾಡಿಬಿಡಬಹುದು" ಎಂದ.

ಅಡಿಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. "ಯಾರಿಗ್ರೀ ಬೈಪಾಸು?"

ನನಗಲ್ಲ ಎಂದು ಗೊತ್ತಾದ ಮೇಲೆ ಅವಳ ಮುಖದಲ್ಲಿ ನೆಮ್ಮದಿ ಕಂಡಿತು. ಒಗ್ಗರಣೆ ಸೀದ ವಾಸನೆ ಬಂದಾಗ ಆ ನೆಮ್ಮದಿಯೂ ಹೋಯಿತು. ಪರೀಕ್ಷೆಯ ಕಣ್ಣು ತಪ್ಪಿಸಿ 11 ಹಾಕುವ ದಾರಿಗಳಿವೆ, ಆದರೆ ಮುಂದೆ ಅಪ್‌ಡೇಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದು ಹುಡುಗ ವಿವರಿಸಿದ. ಹಿಂದಿನ ಬಾಗಿಲಿನಿಂದ ಹೋಗಿ ಕೂತವನಿಗೆ ಊಟ ಇಳಿಯುವುದಿಲ್ಲ, ಬೇಡ ಎಂದೆ. "ಹಾಗಾದ್ರೆ ಲಿನಕ್ಸ್ ಅಂಕಲ್. ಮಿಂಟ್ ಹಾಕೋಣ. ದುಡ್ಡೂ ಇಲ್ಲ, ಚಿಪ್ಪೂ ಬೇಡ" ಎಂದ. ಆಗಿನದು 22.2, ಅದರ ಹೆಸರು ಜಾರಾ, 2029ರವರೆಗೆ ಯೋಚನೆ ಇಲ್ಲ. ಮಿಂಟಿನ ಒಂದೊಂದು ಆವೃತ್ತಿಗೂ ಹೆಣ್ಣಿನ ಹೆಸರಿಡುವುದು ಅವರ ಪದ್ಧತಿಯಂತೆ. "ಜಾರಾ ಬರ್ತಾಳೆ, ಜಾಗ ಸಾಕಾಗುತ್ತೆ" ಎಂದು ಹುಡುಗ ಫೋನಿನಲ್ಲಿ ಸ್ನೇಹಿತನಿಗೆ ಹೇಳಿದ್ದು ಕೇಳಿಸಿ, ನನ್ನ ಹೆಂಡತಿ ಬಾಡಿಗೆ ಕರಾರಿನ ಷರತ್ತುಗಳನ್ನು ಅವನಿಗೆ ಮತ್ತೊಮ್ಮೆ ನೆನಪಿಸಿದಳು.

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಓಟ ಬದಲಾಗುತ್ತದೆ ಎಂದ. ಹಳೆಯದರಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಹೋಗಿ ಹುಡುಕಬೇಕು. ಹೊಸದರಲ್ಲಿ ತಿರುಗುವ ಭಾಗವೇ ಇಲ್ಲ. ಎರಡು ಸಾವಿರದೊಳಗೆ ಮುಗಿಯಿತು. ಹಾಕುವುದಕ್ಕೆ ಕ್ಯಾಬಿನೆಟ್ ಬಿಚ್ಚಿದಾಗ ಅದರೊಳಗೆ ಅಷ್ಟೂ ವರ್ಷಗಳ ಆಯುಧಪೂಜೆ ಕೂತಿತ್ತು. ನನ್ನ ಹೆಂಡತಿಯ ಪೂಜೆಯಲ್ಲಿ ತಾರತಮ್ಯವಿಲ್ಲ. ಈಳಿಗೆಮಣೆ, ಮಿಕ್ಸಿ, ಸ್ಕೂಟರ್, ಕಂಪ್ಯೂಟರ್ ಎಲ್ಲಕ್ಕೂ ಅರಿಶಿನ, ಕುಂಕುಮ, ಅಕ್ಷತೆ, ಚೆಂಡುಹೂವು. ಫ್ಯಾನು ಅವನ್ನೆಲ್ಲ ಶ್ರದ್ಧೆಯಿಂದ ಒಳಕ್ಕೆ ಎಳೆದುಕೊಂಡಿತ್ತು. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಕುಂಕುಮ ಗಟ್ಟಿಯಾಗಿ ಕೂತಿತ್ತು, ರ್‍ಯಾಮಿನ ಪಕ್ಕದಲ್ಲಿ ಅಕ್ಕಿಕಾಳು, ಒಣಗಿದ ಹೂವಿನ ಎಸಳು, ಎರಡು ಹಲ್ಲಿ ಮೊಟ್ಟೆಯ ಚಿಪ್ಪು. ಹುಡುಗ ಬ್ರಷ್ ಹಿಡಿದು ಒಂದೊಂದಾಗಿ ತೆಗೆದ. "ಅಂಕಲ್, ಇದು ಬಿಸಿಯಾಗ್ತಿದ್ದದ್ದು ವಯಸ್ಸಾಗಿ ಅಲ್ಲ" ಎಂದ, ಅಡಿಗೆಮನೆಗೆ ಕೇಳಿಸದ ಹಾಗೆ.

ಅದರ ಮೇಲೆ ಮಿಂಟ್ ಏರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೆನ್ ಡ್ರೈವ್ ಚುಚ್ಚಿದ, ಊರು ಯಾವುದೆಂದು ಭೂಪಟದಲ್ಲಿ ಒತ್ತಿದ, ಅದು ಎಲ್ಲ ಭಾರತೀಯರನ್ನೂ ಕೋಲ್ಕತ್ತಕ್ಕೆ ಸೇರಿಸಿತು. ಸಂಜೆಯ ಕಾಫಿಗೆ ಮುಂಚೆ ಹೊಸ ಪರದೆ ಬಂತು. 1991ರಲ್ಲಿ ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ, ಲೀನಸ್ ಟೊರ್ವಾಲ್ಡ್ಸ್, ಹವ್ಯಾಸಕ್ಕೆಂದು ಶುರುಮಾಡಿದ್ದರ ಮೊಮ್ಮಗು ಒಂಟಿಕೊಪ್ಪಲಿನ ನಮ್ಮ ಹಜಾರದಲ್ಲಿ ಕಣ್ಣು ಬಿಟ್ಟಿತು. ಕಾಫಿ ಲೋಟ ತುಟಿಗೆ ತಾಗುವುದರೊಳಗೆ ತೆರೆದುಕೊಳ್ಳುವ ಅದರ ವೇಗ ಕಂಡು ನನಗೆ ಸಣ್ಣ ಬೇಸರವೂ ಆಯಿತೆನ್ನಿ. ಬೆಳಿಗ್ಗೆ ಅದು ಏಳುವವರೆಗೆ ಸುಮ್ಮನೆ ಕೂರುವ ಒಂದು ಹೊತ್ತು ನನ್ನ ಪಾಲಿಗಿತ್ತು.

ನನಗಿದ್ದ ನಿಜವಾದ ಭಯ ಕನ್ನಡದ್ದು. ನನ್ನ ಬೆರಳು ಪಳಗಿರುವುದು ನುಡಿ ತಂತ್ರಾಂಶದ ಕೀಲಿಮಣೆಗೆ. ಅದರ ಮೂಲ ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್, ರೂಪಿಸಿದ ವಿನ್ಯಾಸ. ಎಫ್ ಒತ್ತಿದರೆ ಅರ್ಧಾಕ್ಷರ, ಆಮೇಲೆ ಒತ್ತು ತಾನೇ ಕೂರುತ್ತದೆ. ಲಿನಕ್ಸಿನ ಭಾಷೆಗಳ ಪಟ್ಟಿಯಲ್ಲಿ ಹುಡುಕಿದರೆ ಅದೂ ಇದೆ, ಕಗಪ ಎಂಬ ಹೆಸರಿನಲ್ಲಿ. ಆರಿಸಿಕೊಂಡು ಕಣ್ಣು ಮುಚ್ಚಿ 'ಮೈಸೂರು' ಎಂದು ಬಡಿದೆ. ಮೈಸೂರೇ ಬಂತು. ಇಷ್ಟು ಕಾಲದಲ್ಲಿ ಯಂತ್ರ, ಪರದೆ, ವಿಂಡೋಸ್ ಎಲ್ಲ ಬದಲಾದವು, ಆ ಮನುಷ್ಯ ಅಕ್ಷರಗಳನ್ನು ಕೂರಿಸಿದ ಜಾಗ ಬದಲಾಗಿಲ್ಲ. ಲಿನಕ್ಸಿಗೆ ಸಿಗುವ ಮುಕ್ತ ಫಾಂಟ್‌ಗಳಲ್ಲಿ ಎರಡರ ಹೆಸರು ಗುಬ್ಬಿ ಮತ್ತು ನವಿಲು. ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದ ವರ್ಷ ನಮ್ಮ ಮನೆ ಬಿಟ್ಟುಹೋದ ಗುಬ್ಬಿ ಹೀಗೆ ವಾಪಸಾಗುತ್ತದೆ ಎಂದುಕೊಂಡಿರಲಿಲ್ಲ.

ಆದರೆ ಹಳೆಯ ಡಿಸ್ಕಿನಿಂದ ಅಪ್ಪನ ಫೈಲನ್ನು ಎತ್ತಿ ತಂದು ತೆರೆದಾಗ ಬಂದದ್ದು ಕನ್ನಡವಲ್ಲ. ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀರೆಳೆದ ಎ, ನಡುವೆ ಪೌಂಡಿನ ಗುರುತು, ಹೀಗೆ ಪುಟಗಟ್ಟಲೆ.

ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅಸೆಂಬ್ಲಿ ವಿಭಾಗದಲ್ಲಿದ್ದವರು. ಜಯಚಾಮರಾಜ ಒಡೆಯರ ಬೆಂಬಲ, ಇರಾನಿ ಮನೆತನದ ಬಂಡವಾಳ, ಚೆಕೊಸ್ಲೊವಾಕಿಯಾದ ತಂತ್ರ. 1961ರಿಂದ ಅಲ್ಲಿ ಮೋಟರ್‌ಸೈಕಲ್ ತಯಾರಾಗತೊಡಗಿತು. ಮೊದಲು ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ. 1996ರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಅಪ್ಪ ನೋಟುಬುಕ್ಕುಗಳಲ್ಲಿ ಬರೆಯತೊಡಗಿದರು. ಸಾಹಿತ್ಯವಲ್ಲ. ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು, ಕ್ಯಾಂಟೀನಿನಲ್ಲಿ ಯಾವ ವಾರ ಏನು ಹುಳಿ, ಯಾರ ಮಗಳ ಮದುವೆಗೆ ಲೈನಿನವರೆಲ್ಲ ಸೇರಿ ಏನು ಕೊಟ್ಟರು ಎಂಬುದು. ಸಂಜೆಹೊತ್ತು ಅವರು ಓದುತ್ತಿದ್ದರು, ಆಗಿನ ನಮ್ಮ ಕಂಪ್ಯೂಟರಿನಲ್ಲಿ ನುಡಿ ಹಾಕಿಕೊಂಡು ನಾನು ಬಡಿಯುತ್ತಿದ್ದೆ. ನಾನು ಬ್ಯಾಂಕಿನ ಆಯಾಸದಲ್ಲಿ ಒಂದು ಸಾಲು ಹಾರಿಸಿದರೆ ಪರದೆ ನೋಡದೆಯೇ ಅವರಿಗೆ ಗೊತ್ತಾಗುತ್ತಿತ್ತು. "ಕೀ ಸದ್ದು ಕಡಿಮೆಯಾಯ್ತಲ್ಲಪ್ಪ" ಎನ್ನುವರು. ನೋಟುಬುಕ್ಕುಗಳು ಮನೆ ರಿಪೇರಿಯ ಮಳೆಗಾಲದಲ್ಲಿ ನೆನೆದುಹೋದವು. ಉಳಿದದ್ದು ಫೈಲು.

ಆಗಿನ ಫಾಂಟುಗಳ ವ್ಯವಸ್ಥೆಯೇ ಹಾಗಿತ್ತು. ಕಂಪ್ಯೂಟರ್ ತನ್ನೊಳಗೆ ಬರೆದಿಟ್ಟುಕೊಂಡಿದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ. ಆ ಸಂಖ್ಯೆ ಬಂದಾಗ ಪರದೆ ಮೇಲೆ ಕನ್ನಡದ ಆಕಾರ ತೋರಿಸುವುದು ಫಾಂಟಿನ ಕೆಲಸ. ಫಾಂಟ್ ಇಲ್ಲವೋ, ಕನ್ನಡವೂ ಇಲ್ಲ. ಯುನಿಕೋಡ್‌ನಲ್ಲಿ ಕ ಎಂದರೆ ಎಲ್ಲಿ ಹೋದರೂ ಕ. ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟ್ ಸಮೇತ ಅದನ್ನು 2001ರಲ್ಲೇ ತಂದಿತ್ತು. ಆದರೆ ಮೈಸೂರಿನ ಡಿಟಿಪಿ ಅಂಗಡಿಗಳೂ, ಸರ್ಕಾರಿ ಕಚೇರಿಗಳೂ, ನಾನೂ ಹಳೆಯದನ್ನು ಬಿಡಲು ಬಹಳ ಕಾಲ ತೆಗೆದುಕೊಂಡೆವು.

ಹುಡುಗ ಎಲ್ಲಿಂದಲೋ ಪರಿವರ್ತಕ ತಂದ. ಒತ್ತಿದರೆ ಪುಟಗಳು ಒಂದೇ ಉಸಿರಿಗೆ ಕನ್ನಡವಾದವು, ಬಹುಮಟ್ಟಿಗೆ. ಅರ್ಕಾವತ್ತುಗಳು ಅಲ್ಲಲ್ಲಿ ದಾರಿಯಲ್ಲಿ ಬಿದ್ದುಹೋಗಿದ್ದವು. ಕಾರ್ಖಾನೆ ಕಾಖಾನೆಯಾಗಿತ್ತು. ಕಾರ್ಮಿಕ ಸಂಘ ಕಾಮಿಕ ಸಂಘವಾಗಿತ್ತು. ಅದರ ಸಭೆಗಳ ಬಗ್ಗೆ ಅಪ್ಪ ಮನೆಯಲ್ಲಿ ಹೇಳುತ್ತಿದ್ದುದನ್ನು ನೆನೆದರೆ ಅದನ್ನು ತಿದ್ದಬೇಕೋ ಬೇಡವೋ ತಿಳಿಯಲಿಲ್ಲ. ಈಗ ದಿನಾ ಬೆಳಿಗ್ಗೆ ಒಂದಷ್ಟು ಪುಟ ತಿದ್ದುತ್ತೇನೆ. ಸಾಲು ಹಾರಿಸುವುದಿಲ್ಲ.

ತಿದ್ದಿದ್ದನ್ನು ಹುಡುಗ ಓದುತ್ತಾನೆ. ಬಾಡಿಗೆ ಕೊಟ್ಟ ಮೇಲೂ ಬರುತ್ತಿರುವುದರಿಂದ ಆಸಕ್ತಿ ನಿಜವೇ ಇರಬೇಕು. ಮೊನ್ನೆ ಓದುತ್ತ ಓದುತ್ತ ನಿಲ್ಲಿಸಿದ. "ಅಂಕಲ್, ಕಿಕ್ಕರ್ ಲಿವರ್ರೇ ಗೇರ್ ಲಿವರ್ ಅಂತಾರಲ್ಲ ತಾತ, ಅದು ಹೇಗೆ?"

ಜಾವಾದ ಗಮ್ಮತ್ತೇ ಅದು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಈ ಊರಿನ ಅಭಿಮಾನಿಗಳು ಹೊಗೆ ಎಬ್ಬಿಸಿಕೊಂಡು ಸಾಲುಗಟ್ಟಿ ಹೊರಡುವಾಗ ನೋಡಬೇಕು: ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಅದೇ ಗೇರ್. ಬಾಯಲ್ಲಿ ಹೇಳಿದರೆ ಹುಡುಗನಿಗೆ ತೃಪ್ತಿಯಾಗಲಿಲ್ಲ. ಪೋರ್ಟಿಕೋದಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಅಪ್ಪನ ಜಾವಾ ಹತ್ತಿರ ಕರೆದುಕೊಂಡು ಹೋದೆ. ಪೆಟ್ರೋಲ್ ಟ್ಯಾಂಕಿನ ಕೆಂಪು ಇನ್ನೂ ಇತ್ತು, ಸೀಟಿನಲ್ಲಿ ಇಲಿ ಸಂಸಾರ ಮಾಡಿ ಹೋಗಿತ್ತು.

"ಆರ್‌ಸಿ ಇದೆಯಾ ಅಂಕಲ್?"

ಹದಿನೈದು ವರ್ಷಕ್ಕೆ ಒಮ್ಮೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಇದರದ್ದು ಮುಗಿದು ಯಾವ ಕಾಲವಾಯಿತೋ ಎಂದೆ. ಅವನು ಕಿವಿಗೊಡದೆ ಲಿವರ್ ಒತ್ತಿ, ತಿರುಗಿಸಿ, ಒದ್ದ. ಕಟಕಟ ಎಂದಿತು. ಇನ್ನೊಂದು ಸಲ ಒದ್ದ. ನಾನೂ ಪಂಚೆ ಎತ್ತಿ ಕಟ್ಟಿ ಒಂದು ಕೈ ನೋಡಿದೆ, ಅಂದರೆ ಒಂದು ಕಾಲು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಪೆಟ್ರೋಲ್ ಏನಾದ್ರೂ ಹಾಕಿದ್ದೀರೇನ್ರೀ ಅದಕ್ಕೆ?" ಎಂದಳು.

ಟೂ-ಸ್ಟ್ರೋಕ್ ಎಂಜಿನ್ನು, ಬರಿ ಪೆಟ್ರೋಲ್ ಸಾಲದು, ಆಯಿಲ್ ಬೆರೆಸಬೇಕು ಎಂದೆ. ಎಷ್ಟಕ್ಕೆ ಎಷ್ಟು ಎಂದು ಹುಡುಗ ಕೇಳಿದ. ಅದನ್ನು ಅಪ್ಪ ಎಲ್ಲೋ ಹೇಳಿ ಬರೆಸಿದ್ದರು, ನಾನಿನ್ನೂ ತಿದ್ದದ ಪುಟಗಳಲ್ಲಿ ಇರಬೇಕು ಎನ್ನುತ್ತಿದ್ದ ಹಾಗೇ ಅವನು ಚಪ್ಪಲಿ ಬಿಟ್ಟು ಕಂಪ್ಯೂಟರಿನ ಕಡೆ ಓಡಿದ.