ಐಸ್ ಟಬ್ಬೂ ಕೃಷ್ಣಾ ಹೊಳೆಯೂ

ಆಟಗಾರರು ಐಸ್ ತುಂಬಿದ ಟಬ್ಬಿನಲ್ಲಿ ಹಲ್ಲು ಕಚ್ಚಿಕೊಂಡು ಕೂತ ಫೋಟೊ ನೋಡಿದಾಗೆಲ್ಲ ನನಗೆ ಅಥಣಿ, ಕಾಗವಾಡ ಕಡೆಯ ಗರಡಿಗಳ ನೆನಪು. ಕುಸ್ತಿ ಆಡಿ ಕೆಮ್ಮಣ್ಣು ಮೆತ್ತಿದ ಮೈಗೆ ಟಬ್ಬು ಯಾಕೆ? ಪಕ್ಕದಲ್ಲೇ ಕೃಷ್ಣೆ, ನಿಪ್ಪಾಣಿ ಕಡೆಯವರಿಗಾದರೆ ವೇದಗಂಗಾ. ಎದೆಮಟ್ಟ ನೀರಲ್ಲಿ ನಿಂತರಾಯಿತು.

ಬೈಠಕ್ ಹೊಡೆದ ಮರುದಿನ ತೊಡೆ ಹಿಡಿದುಕೊಂಡು, ಮೆಟ್ಟಿಲು ಇಳಿಯುವಾಗ 'ಯಪ್ಪಾ' ಅನ್ನಿಸುತ್ತದಲ್ಲ, ಆ ನೋವು ಒಂದರಿಂದ ಮೂರು ದಿನದೊಳಗೆ ಜೋರು. ತಣ್ಣೀರಲ್ಲಿ ಕೂತವರಿಗೆ, ಸುಮ್ಮನೆ ವಿಶ್ರಾಂತಿ ಪಡೆದವರಿಗಿಂತ ಅದು ಕಡಿಮೆ ಎಂದು 17 ಸಣ್ಣ ಪ್ರಯೋಗಗಳನ್ನು ತೂಗಿ ನೋಡಿದ 2012ರ ಕಾಕ್ರೇನ್ ವಿಮರ್ಶೆ ಹೇಳಿತು. ಆದರೆ ಅಲ್ಲಿನ ನೀರು ಹೆಚ್ಚಾಗಿ 10–15 ಡಿಗ್ರಿಯದು. ನಮ್ಮ ಹೊಳೆ ಅಷ್ಟು ತಂಪಾಗುವುದೆಲ್ಲಿ ಬಂತು! ಇಲ್ಲಿ ಆರಾಮ ಕೊಡುವುದು ಬಹುಶಃ ಸುತ್ತಲಿಂದ ಮೈ ಒತ್ತುವ ನೀರಿನ ಭಾರ.

ಮೈ ಕಟ್ಟುವ ಹುಡುಗರು ಇನ್ನೊಂದು ತಿಳಿದಿರಲಿ: ಭಾರ ಎತ್ತಿದ ಬೆನ್ನಿಗೇ ಪ್ರತಿ ಸಲವೂ ತಣ್ಣೀರಿಗೆ ಇಳಿದರೆ ಸ್ನಾಯು ಬೆಳೆಯುವುದೇ ಕಡಿಮೆಯಾಗುತ್ತದೆ ಎಂದು 2015ರ ಅಧ್ಯಯನವೊಂದು ತೋರಿಸಿದೆ.

ಹೊಳೆಗೇ ಹೋಗುತ್ತೀರಾದರೆ ದಂಡೆಯ ಊರವರನ್ನು ಕೇಳಿಯೇ ಇಳಿಯಿರಿ. ಕೃಷ್ಣೆಯಲ್ಲಿ ಮೊಸಳೆಗಳಿವೆ.