ಮುಳವಾಡದ ದಾರಿಯಲ್ಲಿ ಗೋದಾಮಿನ ಕಟ್ಟೆ

ವಿಜಯಪುರದಿಂದ ಹುಬ್ಬಳ್ಳಿಯತ್ತ ಹೊರಟ ಹೆದ್ದಾರಿಯು ಕೃಷ್ಣೆಯ ದಡದ ಕೊಲ್ಹಾರವನ್ನು ಮುಟ್ಟುವ ಮುನ್ನ ಮುಳವಾಡವನ್ನು ಹಾದುಹೋಗುತ್ತದೆ. ಬಹುಕಾಲ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಊರು ಇದು. ಈಗ ಕೊಲ್ಹಾರ ತಾಲ್ಲೂಕಿನಲ್ಲಿದೆ. ಕೊಲ್ಹಾರದ ಹೆಸರನ್ನು ಅಲ್ಲಿಯ ಗಟ್ಟಿ ಮೊಸರು ದೂರದವರಿಗೆ ಮುಟ್ಟಿಸಿದರೆ, ಮುಳವಾಡದ ಹೆಸರನ್ನು ಮುಟ್ಟಿಸಿದ್ದು ಏತ ನೀರಾವರಿ. ಆಲಮಟ್ಟಿ ಜಲಾಶಯದ ಹಿನ್ನೀರನ್ನು ಬಳೂತಿಯ ಬಳಿ ಭಾರಿ ಯಂತ್ರಗಳಿಂದ ಮೇಲೆತ್ತಿ ಕಾಲುವೆಗಳಿಗೆ ಹರಿಸುವ ಆ ಯೋಜನೆಗೆ ಈ ಊರಿನ ಹೆಸರೇ ಬಂದಿದೆ.

ಮಳೆಯನ್ನೇ ನೆಚ್ಚಿದ್ದ ಎರೆಭೂಮಿ ಇದು. ಬಿಳಿಜೋಳ, ಕಡಲೆ, ತೊಗರಿ ಇಲ್ಲಿಯ ಹಳೆಯ ಬೆಳೆಗಳು. ನೀರಿನ ಆಸರೆ ದೊರೆತೆಡೆಯಲ್ಲಿ ಗೋವಿನಜೋಳ, ಕಬ್ಬು, ದ್ರಾಕ್ಷಿಗಳೂ ಹಬ್ಬಿವೆ. ಬೆಳೆ ಹೆಚ್ಚಿದಂತೆ ಚೀಲ ಹೆಚ್ಚಿತು; ಚೀಲ ಹೆಚ್ಚಿದಂತೆ ಗೋದಾಮು ಬೇಕಾಯಿತು. ಕೇಂದ್ರ ಉಗ್ರಾಣ ನಿಗಮವೂ ರಾಜ್ಯದ ಉಗ್ರಾಣ ನಿಗಮವೂ 1957ರಲ್ಲಿ ಸ್ಥಾಪನೆಯಾದವು. ಅಂದಿನಿಂದ ಇಂದಿನವರೆಗೆ ಗೋದಾಮುಗಳ ಗೋಡೆ ಎತ್ತರವಾಗಿವೆ, ಮಾಡು ಹೊಸದಾಗಿದೆ. ಆದರೆ ಬಾಗಿಲ ಮುಂದಿನ ಕಟ್ಟೆಯ ಪಾಡು ಅಷ್ಟಾಗಿ ಬದಲಾದಂತಿಲ್ಲ.

ಲಾರಿಯ ಹಲಗೆಯ ಮಟ್ಟಕ್ಕೆ ಸರಿಯಾಗಿ ಕಟ್ಟಿದ, ನಾಲ್ಕಡಿಯಷ್ಟು ಎತ್ತರದ ಕಲ್ಲು ಅಥವಾ ಸಿಮೆಂಟಿನ ಜಗುಲಿಯೇ ಈ ಕಟ್ಟೆ. ನೋಡುವವರಿಗೆ ಅದರಲ್ಲಿ ಏನೂ ವಿಶೇಷ ಕಾಣದು. ಆದರೆ ಸುಗ್ಗಿಯ ದಿನಗಳಲ್ಲಿ ಊರಿನ ಅರ್ಧ ಜಗಳಗಳಿಗೆ ಅದೇ ಸಾಕ್ಷಿ. ತೊಗರಿಯ ಕಾಲ ಬಂದರೆ ಟ್ರ್ಯಾಕ್ಟರು, ಲಾರಿ, ಟೆಂಪೋಗಳು ನಸುಕಿನಲ್ಲೇ ಬಂದು ಸಾಲುಗಟ್ಟುತ್ತವೆ. ಮೊದಲು ತೂಕ, ಆಮೇಲೆ ಕಾಗದ, ಆಮೇಲೆ ಮಾದರಿ. ಮೊನಚಾದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಕಾಳು ತೆಗೆದು ತೇವಾಂಶ ನೋಡಬೇಕು. ಬೆಂಬಲ ಬೆಲೆಯ ಖರೀದಿಯಲ್ಲಿ ತೊಗರಿಗೆ ನೂರಕ್ಕೆ 12, ಗೋವಿನಜೋಳಕ್ಕೆ 14ರ ಮಿತಿಯುಂಟು. ಯಂತ್ರದ ಮುಳ್ಳು ಒಂದಂಕಿ ಮೇಲೇರಿದರೆ ರೈತನ ಮುಖ ಕಪ್ಪಿಡುತ್ತದೆ. ಕಟ್ಟೆಯ ಪಕ್ಕದಲ್ಲೇ ಕಾಳನ್ನು ಬಿಸಿಲಿಗೆ ಹರವಿ ಕುಳಿತುಕೊಳ್ಳಬೇಕಾಗುತ್ತದೆ. ಅಷ್ಟರಲ್ಲಿ ಹಿಂದಿನ ಲಾರಿಯವನು ಹಾರನ್ನು ಒತ್ತತೊಡಗುತ್ತಾನೆ.

“ಸಾಹೇಬ್ರ, ಮುಂಜಾನಿಯಿಂದ ನಿಂತೀನಿ. ನಮ್ಮ ಗಾಡಿ ಯಾವಾಗ ಖಾಲಿ ಆಗತೈತ್ರಿ?”

“ಇನ್ನ ನಾಕು ಗಾಡಿ ಅದಾವ, ತಡೀರಿ ಒಂದೀಟು.”

ಗೋದಾಮಿನ ವ್ಯವಸ್ಥಾಪಕರ ದಿನವೆಲ್ಲ ಈ ಎರಡು ಮಾತುಗಳ ನಡುವೆಯೇ ಸವೆಯುತ್ತದೆ. ವಿದ್ಯುತ್ತು ಹೋದರೆ ತೂಕ ನಿಲ್ಲುತ್ತದೆ. ಒಣಗಿದ ಕಾಳಿನ ತೂಕ ಇಳಿದರೆ ಲೆಕ್ಕ ತಪ್ಪುತ್ತದೆ. ಹಮಾಲರ ಕೊಕ್ಕೆ ತಾಗಿ ಚೀಲ ಹರಿದರೆ ಕಾಳು ಚೆಲ್ಲುತ್ತದೆ. ತುಂಬಿಸಿಕೊಳ್ಳಲು ಬಂದ ಲಾರಿಯೂ ಇಳಿಸಲು ಬಂದ ಲಾರಿಯೂ ಎದುರುಬದುರಾದರೆ ಯಾರು ಹಿಂದೆ ಸರಿಯಬೇಕೆಂಬುದೇ ಅರ್ಧ ಗಂಟೆಯ ಚರ್ಚೆ. ಇವುಗಳ ನಡುವೆ ಅಕಾಲದ ಒಂದು ಮೋಡ ಕವಿದರೆ ಸಾಕು, ತಾಡಪಾಲಿಗಾಗಿ ಎಲ್ಲರೂ ಓಡುತ್ತಾರೆ.

ಈ ಕಾಯುವಿಕೆ ಇಲ್ಲಿ ಇಂದಿನದಲ್ಲ. ಹೋಟಗಿಯಿಂದ ಗದಗಿಗೆ 1884ರಲ್ಲಿ ತೆರೆದ ರೈಲುಮಾರ್ಗವು ಮುಳವಾಡದ ಮೇಲೆಯೇ ಸಾಗಿದೆ. ಅದು ಮೀಟರ್ ಗೇಜಿನ ಹಳಿ. ಹೋಟಗಿಯಲ್ಲಿ ಕೂಡುತ್ತಿದ್ದ ಮುಂಬಯಿಯ ಹಳಿ ಬ್ರಾಡ್ ಗೇಜಿನದು. ಹೀಗಾಗಿ ಮುಂಬಯಿಗೆ ಹೊರಟ ಸರಕನ್ನು ನಡುದಾರಿಯಲ್ಲಿ ಒಂದು ಡಬ್ಬಿಯಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಾಗುತ್ತಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಹಳಿಗಳೆಲ್ಲ ಒಂದಾದ ಬಳಿಕ ಆ ಶ್ರಮ ತಪ್ಪಿತು. ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ ಹೊರುವ ಶ್ರಮ ಮಾತ್ರ ತಪ್ಪಲಿಲ್ಲ.

ಲಾರಿಗೂ ಕಟ್ಟೆಗೂ ನಡುವೆ ಒಂದು ಹಲಗೆ. ಅದರ ಮೇಲೆ ಬೆನ್ನು ಬಾಗಿಸಿ ನಡೆಯುವವನು ಹಮಾಲ. ಹಿಂದೆ ಕ್ವಿಂಟಲ್ ತೂಕದ ಚೀಲಗಳೂ ಬಳಕೆಯಲ್ಲಿದ್ದವು. ಈಗ ಧಾನ್ಯದ ಚೀಲ ಸಾಮಾನ್ಯವಾಗಿ 50 ಕಿಲೋ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಒಬ್ಬ ವಯಸ್ಕ ಪುರುಷ ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ಆ ಲೆಕ್ಕದಲ್ಲಿ ಇಂದಿನ ಚೀಲ ಮಿತಿಯೊಳಗೇ ಇದೆ. ಆದರೆ 10 ಟನ್ನಿನ ಒಂದು ಲಾರಿಯೆಂದರೆ 200 ಚೀಲ. ಐವರ ತಂಡ ಇಳಿಸಿದರೆ ತಲೆಗೆ 40 ಚೀಲ, ಅಂದರೆ 2 ಟನ್ನು. ಅಂಥ ನಾಲ್ಕು ಲಾರಿ ಬಂದ ದಿನ ಒಬ್ಬನ ಬೆನ್ನ ಮೇಲೆ 8 ಟನ್ನು ಹಾದುಹೋಗಿರುತ್ತದೆ! ಕೂಲಿ ಚೀಲದ ಲೆಕ್ಕದಲ್ಲಿ. ಆದ್ದರಿಂದ ಅವನೂ ಅವಸರಪಡುತ್ತಾನೆ. ನೆರೆಯ ಮಹಾರಾಷ್ಟ್ರವು ಇಂಥ ಶ್ರಮಿಕರ ಕೂಲಿ ಮತ್ತು ಕ್ಷೇಮಕ್ಕಾಗಿ 1969ರಲ್ಲೇ ಮಾಥಾಡಿ ಕಾನೂನನ್ನು ತಂದಿತು.

ಹೊತ್ತ ಚೀಲವನ್ನು ಒಳಗೆ ಥಪ್ಪಿ ಹಚ್ಚಬೇಕು. ನೆಲದ ತೇವ ತಾಗದಂತೆ ಕೆಳಗೆ ಮರದ ಹಲಗೆಗಳು, ಸುತ್ತ ಓಡಾಡಲು ದಾರಿ, ಒಂದು ಸಾಲು ಉದ್ದಕ್ಕೆ, ಮೇಲಿನದು ಅಡ್ಡಕ್ಕೆ. ಹೀಗೆ ಹೆಣೆದರೆ ಥಪ್ಪಿ ಗೋಡೆಯಂತೆ ನಿಲ್ಲುತ್ತದೆ. ಹೊರಗೆ ಹಾರನ್ನಿನ ಸದ್ದು ಜೋರಾದಾಗ ಈ ಹೆಣಿಗೆಯೇ ಮೊದಲು ಸಡಿಲವಾಗುವ ಅಪಾಯವುಂಟು.

ರಾಶಿಯಾಗಿ ನಿಂತ ಧಾನ್ಯದ ಭಾರ ಎಂಥದೆಂಬುದನ್ನು ವಿಜಯಪುರ ಮರೆತಿಲ್ಲ. 2023ರ ಡಿಸೆಂಬರ್ 4ರ ಸಂಜೆ ನಗರದ ಹೊರವಲಯದ ಅಲಿಯಾಬಾದ ಕೈಗಾರಿಕಾ ಪ್ರದೇಶದಲ್ಲಿ ಗೋವಿನಜೋಳದ ದಾಸ್ತಾನು ಕುಸಿದು 7 ಮಂದಿ ಕಾರ್ಮಿಕರು ಅಸುನೀಗಿದರು. ಅವರೆಲ್ಲರೂ ಹೊಟ್ಟೆಪಾಡಿಗಾಗಿ ದೂರದ ಬಿಹಾರದಿಂದ ಬಂದವರು. ಆ ಅವಘಡದ ಹೊಣೆ ನಿರ್ಣಯಿಸುವುದು ಕಾನೂನಿನ ಕೆಲಸ. ಆದರೆ ಧಾನ್ಯ ತುಂಬಿದ ಗೋದಾಮು ಶಾಂತವಾಗಿ ಕಂಡರೂ ಅದರೊಳಗೆ ಎಷ್ಟು ಎಚ್ಚರ ಬೇಕೆಂಬುದನ್ನು ಅದು ಇಡೀ ಜಿಲ್ಲೆಗೆ ತಿಳಿಸಿತು.

ಒಳ್ಳೆಯ ವ್ಯವಸ್ಥಾಪಕನ ಗುಣವನ್ನು ದಿನಕ್ಕೆ ಎಷ್ಟು ಲಾರಿ ಖಾಲಿಯಾದವು ಎಂಬುದರಿಂದಲೇ ಅಳೆಯುವ ವಾಡಿಕೆಯುಂಟು. ಸಾಲಿನಲ್ಲಿ ನಿಂತವರ ಬೈಗುಳ ಕೇಳಿಸಿಕೊಂಡೂ, ಥಪ್ಪಿ ವಾಲಿದುದನ್ನು ಕಂಡಾಗ “ನಿಲ್ಲಿಸ್ರಿ” ಎಂದು ಕೈಯೆತ್ತುವ ಧೈರ್ಯ ಅದಕ್ಕಿಂತ ಹಿರಿದಾದದ್ದು. ಮುಳವಾಡದ ಸೀಮೆಯಲ್ಲಿ ಹೊಳೆಯ ನೀರನ್ನು ಎತ್ತಲು ಯಂತ್ರಗಳು ಬಂದಿವೆ. ಆ ನೀರು ಬೆಳೆಸಿದ ಕಾಳನ್ನು ಎತ್ತುವುದು ಬಹುಮಟ್ಟಿಗೆ ಇನ್ನೂ ಮನುಷ್ಯನ ಬೆನ್ನೇ. ಪಟ್ಟಣದ ಅಡಿಗೆಮನೆಯಲ್ಲಿ ತೊಗರಿಬೇಳೆಯ ಡಬ್ಬಿ ತೆರೆಯುವ ಗೃಹಿಣಿಯು, ಆ ಬೇಳೆ ಒಂದು ಕಟ್ಟೆಯ ಮೇಲೆ ಯಾರದೋ ಹೆಗಲೇರಿ ಬಂದುದೆಂದು ನೆನೆದರೆ, ಆ ಬೆನ್ನಿಗೆ ಅಷ್ಟಾದರೂ ಮನ್ನಣೆ ಸಂದಂತಾಗುವುದು.