ಇಪ್ಪತ್ತೇಳು ಉಸಿರು

ಮಾರ್ಚ್ ತಿಂಗಳ ಕೊನೆಯ ವಾರ. ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ವ್ಯಾಪಾರಿಯೊಬ್ಬರು ವರ್ಷಾಂತ್ಯದ ದಾಸ್ತಾನನ್ನು ಎಣಿಸಿದಾಗ ಎರಡು ಥಾನು ಕಡಮೆ ಬಂದವು. ಕೃಷ್ಣರಾಜಪುರದಿಂದ ದಿನವೂ ಬಂದುಹೋಗುವ ಹಳೆಯ ಕೆಲಸಗಾರನ ಮೇಲೆ ಅವರಿಗೆ ಸಂದೇಹ ಹುಟ್ಟಿತು. ಅವನ ಸಂಬಳವನ್ನು ತಡೆಹಿಡಿದರು. ಉಳಿದ ಆಳುಗಳ ಎದುರಿಗೇ ನಾಲ್ಕು ಕಟುಮಾತುಗಳೂ ಬಾಯಿಂದ ಬಿದ್ದವು. ಆ ರಾತ್ರಿ ಇಂದಿರಾನಗರದ ಮನೆಯಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ನಿದ್ರೆ ಸುಳಿಯಲಿಲ್ಲ.

ಮಗನು ಚೀನಾ ದೇಶದ ‘ಚಿಗಾಂಗ್’ ಪದ್ಧತಿಯ ಉಸಿರಾಟವನ್ನು ಕಲಿತಿದ್ದನು. ಕೈಗಳನ್ನು ಮೆಲ್ಲನೆ ಮೇಲೆತ್ತುತ್ತ ಹೊಟ್ಟೆ ತುಂಬ ಉಸಿರೆಳೆದುಕೊಳ್ಳುವುದು, ಕೈ ಇಳಿಸುತ್ತ ಇನ್ನೂ ಮೆಲ್ಲನೆ ಬಿಡುವುದು. ತಂದೆಗೂ ಅದನ್ನು ಹೇಳಿಕೊಟ್ಟನು. ಹತ್ತು ನಿಮಿಷಗಳಲ್ಲಿ ಎದೆಬಡಿತ ತಗ್ಗಿತು. ಇದರಲ್ಲಿ ಪವಾಡವೇನೂ ಇಲ್ಲ. ಉಸಿರು ಬಿಡುವಾಗ ಹೃದಯದ ಗತಿ ತಾನಾಗಿಯೇ ನಿಧಾನಿಸುವುದು ಶರೀರಧರ್ಮ.

ಜೈನ ಗೃಹಸ್ಥನಿಗೆ ಇಂಥದು ಹೊಸತೂ ಅಲ್ಲ. ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರ, 27 ಉಚ್ಛ್ವಾಸಗಳು. ಇದು ಒಂದು ಕಾಯೋತ್ಸರ್ಗ. ಮಂತ್ರದ ಮೊದಲೆರಡು ಪದಗಳಿಗೆ ಒಂದು ಉಸಿರು, ಮುಂದಿನ ಎರಡಕ್ಕೆ ಇನ್ನೊಂದು, ಐದನೆಯದಕ್ಕೆ ಮೂರನೆಯದು. ನಿಮಿಷಕ್ಕೆ 15 ಉಸಿರಿನಂತೆ ಎರಡು ನಿಮಿಷದೊಳಗೆ ಮುಗಿಸಿ ಏಳುವವರೇ ಹೆಚ್ಚು. ನಿಮಿಷಕ್ಕೆ 6ರಂತೆ ನಡೆಸಿದರೆ ನಾಲ್ಕೂವರೆ ನಿಮಿಷ ಬೇಕು. ಶ್ವೇತಾಂಬರ ತೇರಾಪಂಥದ ಆಚಾರ್ಯ ಮಹಾಪ್ರಜ್ಞರು ರೂಪಿಸಿದ ಪ್ರೇಕ್ಷಾಧ್ಯಾನದಲ್ಲಿಯೂ ಕಾಯೋತ್ಸರ್ಗಕ್ಕೆ, ದೀರ್ಘಶ್ವಾಸಕ್ಕೆ ಸ್ಥಾನವುಂಟು. ಆದರೆ ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಪ್ರಾಣಾಯಾಮವನ್ನು ವಿಸ್ತಾರವಾಗಿ ವರ್ಣಿಸಿ, ಉಸಿರನ್ನು ಬಲವಂತವಾಗಿ ಕಟ್ಟುವುದರಿಂದ ಮನಸ್ಸು ಬಳಲುವುದೇ ಹೊರತು ನೆಮ್ಮದಿ ಪಡೆಯದೆಂದು ಎಚ್ಚರಿಸಿದ್ದಾರೆ.

ಇನ್ನೂ ಗಮನಿಸತಕ್ಕ ಮಾತೊಂದಿದೆ. ವಟ್ಟಕೇರಾಚಾರ್ಯರ ಮೂಲಾಚಾರವು ಹಗಲಿನ ದೋಷಗಳಿಗೆ 108 ಉಚ್ಛ್ವಾಸ, ರಾತ್ರಿಯವಕ್ಕೆ 54 ಎಂದು ಮುನಿಗಳಿಗೆ ಎಣಿಕೆ ಕೊಡುವುದು ಪ್ರತಿಕ್ರಮಣದ ಪ್ರಕರಣದಲ್ಲಿ, ನಿದ್ರೆ ಬರಿಸಿಕೊಳ್ಳುವುದಕ್ಕಲ್ಲ. ಮಾಡಿದ ತಪ್ಪನ್ನು ಹೆಸರಿಟ್ಟು ಒಪ್ಪಿಕೊಳ್ಳುವ ಕಾರ್ಯಕ್ಕೆ ಉಸಿರು ಅಳತೆಗೋಲು ಮಾತ್ರ. ತತ್ತ್ವಾರ್ಥಸೂತ್ರವು ಧರ್ಮ್ಯ, ಶುಕ್ಲಗಳ ಸಾಲಿನಲ್ಲಿಯೇ ಆರ್ತ, ರೌದ್ರಗಳನ್ನೂ ಧ್ಯಾನವೆಂದೇ ಕರೆಯುತ್ತದೆ. ಸ್ವತ್ತನ್ನು ಕಾಪಾಡಿಕೊಳ್ಳುವ ತವಕದಲ್ಲಿ ನೆಟ್ಟ ಮನಸ್ಸು ರೌದ್ರಧ್ಯಾನ. ಏಕಾಗ್ರತೆ ಅಲ್ಲಿಯೂ ಉಂಟು. ನೀರಿನಲ್ಲಿ ಒಂಟಿಗಾಲಲ್ಲಿ ನಿಂತ ಕೊಕ್ಕರೆಯದೂ ಶಾಂತಮುದ್ರೆಯೇ. ಹಿರಿಯರು ಸುಮ್ಮನೆ ಬಕಧ್ಯಾನವೆಂದು ಹೆಸರಿಡಲಿಲ್ಲ.

ವ್ಯಾಪಾರಿಗೆ ಆ ರಾತ್ರಿ ನಿದ್ರೆ ಬಂದಿತು. ಸಂಬಳದ ಹಣ ಮಾತ್ರ ಗಲ್ಲಾಪೆಟ್ಟಿಗೆಯಲ್ಲಿಯೇ ಇತ್ತು. ಕೃಷ್ಣರಾಜಪುರದ ಆ ಮನೆಯಲ್ಲಿ ಯಾರಿಗೆ ನಿದ್ರೆ ಬಂದಿತೋ ಇಲ್ಲವೋ, ಕೇಳಿದವರಿಲ್ಲ.

ಬೆಳಗಿನ ಸಾಮಾಯಿಕದಲ್ಲಿ ಅವರು ಮೊದಲು ಆಲೋಚನೆಗೆ ಕುಳಿತರು. ನಿನ್ನೆಯದನ್ನು ಒಂದೊಂದಾಗಿ ನೆನೆಯುತ್ತ ಬಂದಾಗ ಒಂದು ಸಂಗತಿ ಹೊಳೆಯಿತು: ಕೆಲಸಗಾರನಿಗೆ ಬೈದದ್ದುಂಟು, ಥಾನುಗಳ ವಿಷಯ ಅವನನ್ನು ಕೇಳಿದ್ದೇ ಇಲ್ಲ. ಆಮೇಲಿನ ಕಾಯೋತ್ಸರ್ಗದಲ್ಲಿ ಎಣಿಕೆ ಎರಡು ಸಲ ತಪ್ಪಿತು. ಎದೆಬಡಿತವೂ ಹಿಂದಿನ ರಾತ್ರಿಯಂತೆ ತಗ್ಗಲಿಲ್ಲ.

ಅಂಗಡಿ ತೆರೆದೊಡನೆ ಕೇಳಿದರು. ಅವನಿಗೂ ತಿಳಿಯದು. ಆಳುಗಳೆಲ್ಲರೂ ಇರುವಾಗಲೇ ಸಂಬಳವನ್ನು ಅವನ ಕೈಗಿತ್ತು, ನಿನ್ನೆಯ ಮಾತಿಗೆ ಕ್ಷಮೆ ಬೇಡಿದರು. ಥಾನುಗಳು ಕೊನೆಗೂ ಸಿಗಲಿಲ್ಲ. ದಾಸ್ತಾನು ಪುಸ್ತಕದಲ್ಲಿ ನಷ್ಟವೆಂದು ತೋರಿಸಿ, ಕಾರಣದ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರೆದು ರುಜು ಹಾಕಿದರು.